ತೆಲುಗು: ಮಾತಾಡಿ, ಓದಿ, ಬರೆಯುವುದು ಆಮೇಲೆ

ಗಡಿ ದಾಟಿ ಓಡಾಡುವವರಿಗೆ ದಿನವೂ ಬೇಕಾಗುವುದು ಕಿವಿ, ಬಾಯಿ, ಕಣ್ಣು. ಕೈಗೆ ಕೆಲಸ ಬರುವುದು ಅಪರೂಪ. ಕನ್ನಡ ಓದಬಲ್ಲವರು ತೆಲುಗು ಓದಲು ಹೊಸದಾಗಿ ಕಲಿಯಬೇಕಾದದ್ದು ತೀರಾ ಸ್ವಲ್ಪ.

ರಾಯಚೂರಿನಿಂದ ಗುಂತಕಲ್ ಕಡೆಗೆ ಹೊರಟ ರೈಲು ಮಟಮಾರಿ ದಾಟಿದ ಮೇಲೆ ಹೆಚ್ಚು ಹೊತ್ತು ಕರ್ನಾಟಕದಲ್ಲಿ ಇರುವುದಿಲ್ಲ. ತುಂಗಭದ್ರೆಯ ಈ ದಂಡೆ ರಾಯಚೂರು, ಆ ದಂಡೆ ಕರ್ನೂಲು ಜಿಲ್ಲೆ. ಮಟಮಾರಿ ಸುತ್ತಿನ ಊರುಗಳಲ್ಲಿ ತೆಲುಗು ಕೇಳುತ್ತಲೇ ಬೆಳೆದವರು ಬಹಳ. ಬೀಗಸ್ತನ, ಹೊಲದ ಕೂಲಿ, ಹತ್ತಿ ವ್ಯಾಪಾರ, ಕರ್ನೂಲಿನ ದೊಡ್ಡಾಸ್ಪತ್ರೆ, ಮಂತ್ರಾಲಯದ ಯಾತ್ರೆ ಎಲ್ಲಕ್ಕೂ ಆ ಭಾಷೆ ಬೇಕು. ಮಾತಿನಲ್ಲಿ ಅವರು ಎಲ್ಲೂ ಸೋಲುವುದಿಲ್ಲ. ಸೋಲುವುದು ಬೋರ್ಡಿನ ಮುಂದೆ. ಬಸ್ಸು ಎಲ್ಲಿಗೆ, ಯಾವ ಕೌಂಟರು ಯಾವುದಕ್ಕೆ, ಇವತ್ತಿನ ಧಾರಣೆ ಎಷ್ಟು ಎಂದು ಪಕ್ಕದವರನ್ನು ಕೇಳುತ್ತಾರೆ.

ಇನ್ನೊಂದು ಗುಂಪಿನ ಕಷ್ಟ ಬೇರೆ. ದೇವದುರ್ಗದ ಕಡೆಯಿಂದ ಕೆಲಸಕ್ಕೆಂದು ಗಡಿ ದಾಟುವವರಿಗೆ, ಹುಬ್ಬಳ್ಳಿ–ಧಾರವಾಡದಿಂದ ರಾಯಚೂರಿಗೆ ವರ್ಗವಾಗಿ ಬಂದ ನೌಕರರಿಗೆ ಮಾತೂ ಬರುವುದಿಲ್ಲ, ಓದೂ ಬರುವುದಿಲ್ಲ. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಅಲ್ಲಿ ಅಂಗಡಿ ಇಟ್ಟವರಿಗೂ ಸಾಲಿ ಮೇಷ್ಟ್ರಿಗೂ ತೆಲುಗು ನಿತ್ಯದ ಮಾತು.

ಈ ಎರಡೂ ಗುಂಪಿನವರು ಒಂದೇ ಕಡೆ ಹಿಂಜರಿಯುತ್ತಾರೆ. ‘ತೆಲುಗು ಕಲಿಯಬೇಕು’ ಎಂದುಕೊಂಡ ತಕ್ಷಣ ಕಣ್ಣ ಮುಂದೆ ಬರುವುದು ಪಾಟಿ, ಬಳಪ, ಕಾಪಿ ಪುಸ್ತಕ. ಮಕ್ಕಳು ಕಲಿಯುವ ದಾರಿ ಅದು, ಅವರಿಗೆ ಅದು ಸರಿ. ಒಂದು ಲಿಪಿ ಆಗಲೇ ಬಲ್ಲ ದೊಡ್ಡವರಿಗೆ ಅದು ಸುತ್ತು ದಾರಿ. ಬರವಣಿಗೆಯನ್ನು ಪೂರ್ತಿ ಬದಿಗಿಟ್ಟು, ಮಾತು ಮತ್ತು ಓದು ಎರಡನ್ನೇ ಹಿಡಿದು ತೆಲುಗು ಕಲಿಯುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಎರಡು ಲಿಪಿ, ಒಂದೇ ಮನೆತನ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಬ್ರಾಹ್ಮಿ ಲಿಪಿಯದು. ಕನ್ನಡ, ತೆಲುಗು ಎರಡೂ ಲಿಪಿಗಳು ಆ ಬ್ರಾಹ್ಮಿಯ ಸಂತಾನ. ನೂರಾರು ವರ್ಷ ಎರಡು ಭಾಷೆಗೂ ಒಂದೇ ಲಿಪಿ ಇತ್ತು. ಅದನ್ನು ವಿದ್ವಾಂಸರು ಕನ್ನಡ–ತೆಲುಗು ಲಿಪಿ ಎಂದೇ ಕರೆಯುತ್ತಾರೆ. 13ನೆಯ ಶತಮಾನದಿಂದ ಈಚೆಗೆ ನಿಧಾನವಾಗಿ ಕವಲೊಡೆದು, 19ನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದಾಗ ಎರಡರ ರೂಪವೂ ಬೇರೆ ಬೇರೆಯಾಗಿ ಗಟ್ಟಿಯಾಯಿತು.

ಆಡಳಿತದ ಗಡಿ ಇನ್ನೂ ಈಚಿನದು. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯದು. ಹಾಗಾಗಿ ಈ ಭಾಗದ ಕನ್ನಡಿಗರಿಗೆ ತೆಲುಗು ಪರದೇಶದ ಭಾಷೆ ಅಲ್ಲವೇ ಅಲ್ಲ.

ಕಲಿಯುವವರಿಗೆ ಇದರಿಂದ ಆಗುವ ಲಾಭ ಇಷ್ಟು: ಅಕ್ಷರಮಾಲೆಯ ಕ್ರಮ ಒಂದೇ, ಕಾಗುಣಿತದ ಲೆಕ್ಕ ಒಂದೇ, ಒತ್ತಕ್ಷರ ಕೆಳಗೆ ಬರುವುದೂ ಒಂದೇ. ಗ, ಜ, ಟ, ಡ, ಣ, ದ, ನ, ಬ, ಮ, ಯ, ರ, ಲ, ವ ಮುಂತಾದ ಹೆಚ್ಚಿನ ಅಕ್ಷರಗಳನ್ನು ನೀವು ಯಾರೂ ಹೇಳಿಕೊಡದೆ ಗುರುತಿಸುತ್ತೀರಿ. ಸ್ವರಗಳೂ ಹಾಗೆಯೇ. ಮೊದಲು ಕಣ್ಣು ತಪ್ಪುವುದು ತಲೆಕಟ್ಟಿನಲ್ಲಿ. ಕನ್ನಡದ ತಲೆಕಟ್ಟು ಅಕ್ಷರದ ಮೇಲೆ ಅಡ್ಡ ಮಲಗಿ ಬಲಕ್ಕೆ ಬಾಗುತ್ತದೆ. ತೆಲುಗಿನದು ಮೇಷ್ಟ್ರು ಉತ್ತರಕ್ಕೆ ಹಾಕುವ ರೈಟು ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ತಲೆಕಟ್ಟೇ ಇಲ್ಲದ ಖ, ಜ, ಟ, ಣ, ಬ, ಲ ಅಕ್ಷರಗಳಿಗೆ ಅಲ್ಲಿಯೂ ತಲೆಕಟ್ಟಿಲ್ಲ. ಆ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಳಗಿನ ಒಡಲನ್ನು ಮಾತ್ರ ನೋಡಿ. ಬೋರ್ಡಿನ ಅರ್ಧ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ನಾಲ್ಕು ಬೋರ್ಡು, ನಾಲ್ಕು ಅಕ್ಷರ

ಕಣ್ಣಿಗೆ ನಿಜವಾಗಿ ಹೊಸದಾಗಿ ಕಾಣುವ ವ್ಯಂಜನಗಳು ಮುಖ್ಯವಾಗಿ ನಾಲ್ಕು: ಕ, ತ, ಶ, ಹ. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಯಾವಾಗಲೂ ಕಾಣುವ ನಾಲ್ಕು ಊರಿನ ಹೆಸರಿನಲ್ಲಿ ಇವನ್ನು ಹಿಡಿಯಿರಿ.

ಕರ್ನೂಲು. ಮೊದಲ ಅಕ್ಷರವೇ ಕ. ಇದೇ ಬೋರ್ಡು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕನ್ನಡದಲ್ಲಿ ನಾವು ‘ರ್ನೂ’ ಬರೆಯುವಾಗ ನೂ ಮೊದಲು ಬರೆದು ಅರ್ಕಾವತ್ತನ್ನು ಪಕ್ಕಕ್ಕೆ ಇಡುತ್ತೇವೆ. ಈಗಿನ ತೆಲುಗು ಅಚ್ಚಿನಲ್ಲಿ ಅರ್ಕಾವತ್ತಿಲ್ಲ. ರ ದೊಡ್ಡದಾಗಿ ಮೇಲೆ ನಿಂತು, ನ ಅದರ ಒತ್ತಾಗಿ ಕೆಳಗೆ ಬರುತ್ತದೆ. ಉಚ್ಚರಿಸಿದ ಕ್ರಮದಲ್ಲೇ ಬರಹ.

ತಿರುಪತಿ. ಮೊದಲಿಗೂ ಕೊನೆಗೂ ತಿ. ಒಂದೇ ಪದದಲ್ಲಿ ಎರಡು ಸಲ ಕಾಣುವುದರಿಂದ ತ ಬೇಗ ಕಣ್ಣಿಗೆ ಕೂರುತ್ತದೆ.

ಶ್ರೀಶೈಲಂ. ಶ ಎರಡು ಸಲ. ಮೊದಲನೆಯದರ ಕೆಳಗೆ ರ ಒತ್ತು ಇದೆ. ಕನ್ನಡದಲ್ಲಿ ಅದು ಅಕ್ಷರದ ಬಲಗೆಳಗೆ ಕೂರುತ್ತದೆ, ತೆಲುಗಿನಲ್ಲಿ ಕೆಳಗಿನಿಂದ ಎಡಕ್ಕೆ ಬಳಸಿ ಅಕ್ಷರವನ್ನು ಸುತ್ತುತ್ತದೆ. ಕೊನೆಯ ಸೊನ್ನೆ ನಮ್ಮದೇ ಅನುಸ್ವಾರ, ಪದದ ತುದಿಯಲ್ಲಿ ‘ಮ್’ ಎಂದು ಓದಿ.

ಹೈದರಾಬಾದ್. ಮೊದಲ ಅಕ್ಷರ ಹ. ಕೊನೆಯ ದ್ ನೋಡಿ: ಸ್ವರವಿಲ್ಲದ ವ್ಯಂಜನಕ್ಕೆ ತೆಲುಗಿನಲ್ಲಿ ಮೇಲುಗಡೆ ಬರುವ ಗುರುತಿಗೆ ಪೊಲ್ಲು ಎನ್ನುತ್ತಾರೆ.

ಕಾಗುಣಿತದಲ್ಲಿ ಗಮನ ಕೊಡಬೇಕಾದ ಜಾಗ ಒಂದೇ, ದೀರ್ಘ. ಕನ್ನಡದಲ್ಲಿ ಕೀ, ಕೇ, ಕೋ ಎಂದು ಬರೆಯುವಾಗ ಅಕ್ಷರದ ಬಲಕ್ಕೆ ದೀರ್ಘದ ಗುರುತನ್ನು ಬೇರೆಯಾಗಿ ಇಡುತ್ತೇವೆ. ತೆಲುಗಿನಲ್ಲಿ ಆ ಬೇರೆ ಗುರುತಿಲ್ಲ. ಅಕ್ಷರದ ತಲೆಯ ಮೇಲಿನ ಚಿಹ್ನೆಯೇ ಸ್ವಲ್ಪ ಬದಲಾಗಿ, ಹೆಚ್ಚಿನ ಒಂದು ಸುಳಿ ಅಥವಾ ಬಾಲ ಪಡೆದು ದೀರ್ಘವಾಗುತ್ತದೆ. ಆದ್ದರಿಂದ ಹೊಸಬರು ಬಲಕ್ಕೆ ನೋಡಿ, ಏನೂ ಕಾಣದೆ, ಎಲ್ಲವನ್ನೂ ಹ್ರಸ್ವವಾಗಿ ಓದುತ್ತಾರೆ. ಬಲಕ್ಕಲ್ಲ, ಮೇಲಕ್ಕೆ ನೋಡಿ. ಆದೋನಿಯ ‘ದೋ’, ಪ್ರವೇಶಂ ಪದದ ‘ವೇ’, ಶ್ರೀಶೈಲಂ ಪದದ ‘ಶ್ರೀ’ ಮೂರನ್ನೂ ನೋಡಿಕೊಂಡರೆ ಮೂರು ಬಗೆಯ ದೀರ್ಘವೂ ಮುಗಿಯಿತು.

ಓದಿನ ಪುಸ್ತಕ ಜೇಬಿನಲ್ಲೇ ಇದೆ

ಒಂದು ಹತ್ತು ರೂಪಾಯಿ ನೋಟು ತೆಗೆಯಿರಿ. ಹಿಂಬದಿಯಲ್ಲಿ 15 ಭಾಷೆಗಳಲ್ಲಿ ಮೊತ್ತ ಬರೆದಿರುತ್ತದೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಕೆಳಗಿನಿಂದ ಎರಡನೆಯದು ತೆಲುಗು. ಕನ್ನಡದ ಸಾಲು ‘ಹತ್ತು ರೂಪಾಯಿಗಳು’, ತೆಲುಗಿನದು ‘ಪದಿ ರೂಪಾಯಲು’. ಅರ್ಥ ಮೊದಲೇ ಗೊತ್ತಿರುವ ಸಾಲನ್ನು ಓದುವುದೇ ಈ ಕ್ರಮದ ಮುಖ್ಯ ಉಪಾಯ. ಏನಿರಬಹುದೆಂದು ಗೊತ್ತಿದ್ದಾಗ ಕಣ್ಣು ಅಕ್ಷರವನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಎರಡನೆಯ ಜಾಗ ಮಂತ್ರಾಲಯ. ಅಲ್ಲಿ ಕನ್ನಡ, ತೆಲುಗು ಎರಡರಲ್ಲೂ ಬರೆದ ಫಲಕಗಳು ಸಿಗುತ್ತವೆ. ದರ್ಶನಕ್ಕೆ ಸಾಲಿನಲ್ಲಿ ನಿಂತ ಹೊತ್ತನ್ನು ಓದಿಗೆ ಬಳಸಿ: ಮೊದಲು ತೆಲುಗು ಸಾಲು, ತೊಡಕಾದರೆ ಮಾತ್ರ ಕನ್ನಡ ಸಾಲು.

ಮೂರನೆಯದು ಕೀಟನಾಶಕದ ಡಬ್ಬಿಯ ಜೊತೆ ಬರುವ ಮಡಿಕೆ ಹಾಳೆ. ಒಂದೇ ಸೂಚನೆ ಹಲವು ಭಾಷೆಯಲ್ಲಿ ಅಚ್ಚಾಗಿರುತ್ತದೆ. ಕನ್ನಡವೂ ತೆಲುಗೂ ಇರುವ ಹಾಳೆ ಸಿಕ್ಕರೆ ಎಸೆಯಬೇಡಿ. ಹೊಲದ ಪದಗಳು ಜೋಡಿ ಜೋಡಿಯಾಗಿ ಅದರಲ್ಲಿ ಸಿಗುತ್ತವೆ.

ನಾಲ್ಕನೆಯದು ಪತ್ರಿಕೆಯ ತಲೆಬರಹ. ‘ಈನಾಡು’ 1974ರಲ್ಲಿ ಆರಂಭವಾದ ಪತ್ರಿಕೆ, ‘ಸಾಕ್ಷಿ’ 2008ರಲ್ಲಿ. ಒಳಗಿನ ಸುದ್ದಿಗೆ ಕೈ ಹಾಕಬೇಡಿ, ದಪ್ಪಕ್ಷರ ಮಾತ್ರ ಸಾಕು. ಅಂದಿನ ಕನ್ನಡ ಪತ್ರಿಕೆಯನ್ನು ಮೊದಲು ಓದಿದ್ದರೆ ಅದೇ ಸುದ್ದಿಯ ತೆಲುಗು ತಲೆಬರಹ ಅರ್ಧ ಗೊತ್ತಿದ್ದ ಹಾಗೆಯೇ.

ಓದುವಾಗ ಒಂದು ಶಿಸ್ತು ಇರಲಿ. ಬಾಯಿ ಬಿಟ್ಟು ಓದಿ. ಬರೆಯದೆ ಕಲಿಯುವವರ ಕೈಗೆ ಅಕ್ಷರದ ನೆನಪು ಇರುವುದಿಲ್ಲ, ಆ ಕೆಲಸವನ್ನು ನಾಲಿಗೆ ಮತ್ತು ಕಿವಿ ಮಾಡಬೇಕು. ಮನಸ್ಸಿನಲ್ಲೇ ಓದಿದರೆ ಗೊತ್ತಿಲ್ಲದ ಅಕ್ಷರವನ್ನು ಹಾರಿಸಿ ಮುಂದೆ ಹೋಗುವ ಚಟ ಬೀಳುತ್ತದೆ.

ಪದ ಹುಡುಕುವ ಮೂರು ಕೀಲಿ

ಓದಲು ಬಂತು, ಅರ್ಥ ಆಗಲಿಲ್ಲ ಎಂಬ ಸ್ಥಿತಿ ಎರಡನೆಯ ವಾರಕ್ಕೇ ಬರುತ್ತದೆ. ಆಗ ನೆರವಿಗೆ ಬರುವುದು ಎರಡು ಭಾಷೆಗಳ ನಡುವಿನ ಧ್ವನಿ ನಿಯಮಗಳು.

ಮೊದಲನೆಯದು, ತೆಲುಗಿನ ಪ ಕನ್ನಡದಲ್ಲಿ ಹ. ಹಳಗನ್ನಡದಲ್ಲೂ ಪ ಇದ್ದದ್ದೇ. ನಾವು ಅದನ್ನು ಹ ಮಾಡಿಕೊಂಡೆವು, ತೆಲುಗು ಉಳಿಸಿಕೊಂಡಿತು. ಪಾಲು ಎಂದರೆ ಹಾಲು, ಪುಲಿ ಎಂದರೆ ಹುಲಿ, ಪಾಮು ಎಂದರೆ ಹಾವು, ಪಂಡು ಎಂದರೆ ಹಣ್ಣು, ಪೊಲಂ ಎಂದರೆ ಹೊಲ, ಪತ್ತಿ ಎಂದರೆ ಹತ್ತಿ. ‘ಪೊಗ ತ್ರಾಗರಾದು’ ಎಂಬ ಬೋರ್ಡು ಕಂಡರೆ ಪೊಗ ಎಂದರೆ ಹೊಗೆ ಎಂದು ಊಹಿಸಬಹುದು. ಬೀಡಿ ಸೇದಬಾರದು ಎಂಬ ಎಚ್ಚರಿಕೆ ಅದು.

ಎರಡನೆಯದು, ತೆಲುಗಿನ ವ ಕನ್ನಡದಲ್ಲಿ ಬ. ವೇರು–ಬೇರು, ವೇಪ–ಬೇವು, ವೆನ್ನ–ಬೆಣ್ಣೆ, ವೆಂಡಿ–ಬೆಳ್ಳಿ. ಬೀಜದಂಗಡಿಯ ಮೇಲಿನ ‘ವಿತ್ತನಾಲು’ ಬಿತ್ತನೆಯ ನಂಟಿನದೇ.

ಮೂರನೆಯದು, ಕನ್ನಡದ ಕಿ, ಕೆ ಇರುವಲ್ಲಿ ತೆಲುಗಿನಲ್ಲಿ ಹಲವು ಸಲ ಚ. ಕಿವಿ–ಚೆವಿ, ಕೆರೆ–ಚೆರುವು, ಕೈ–ಚೇಯಿ. ಓದುವಾಗ ಚ ಎಂದು ಕಂಡದ್ದು ಕಿವಿಗೆ ಬೇರೆ ಕೇಳಬಹುದು: ಚಾಲಾ ಮುಂತಾದ ಪದಗಳಲ್ಲಿ ಅದು ‘ತ್ಸ’ದ ಕಡೆಗೆ ವಾಲುತ್ತದೆ. ಬರಹ ಒಂದೇ.

ಎಲ್ಲ ಪದವೂ ಕೀಲಿಗೆ ತೆರೆಯುವುದಿಲ್ಲ. ಬೆಳೆಗಳ ಹೆಸರನ್ನು ಬೇರೆಯಾಗಿಯೇ ಕಲಿಯಬೇಕು: ವರಿ ಎಂದರೆ ನೆಲ್ಲು, ಕಂದುಲು ಎಂದರೆ ತೊಗರಿ, ವೇರುಶೆನಗ ಎಂದರೆ ಶೇಂಗಾ, ಜೊನ್ನಲು ಎಂದರೆ ಜೋಳ, ಮಿರಪಕಾಯ ಎಂದರೆ ಮೆಣಸಿನಕಾಯಿ. ಮಾರುಕಟ್ಟೆಯಲ್ಲಿ ‘ಧರ’ ಎಂದರೆ ದರ, ‘ಕನೀಸ ಮದ್ದತು ಧರ’ ಎಂದರೆ ಕನಿಷ್ಠ ಬೆಂಬಲ ಬೆಲೆ. ಎಣಿಕೆಯಲ್ಲಿ ಒಕಟಿ, ರೆಂಡು, ಮೂಡು, ನಾಲುಗು, ಐದು, ಆರು, ಏಡು, ಎನಿಮಿದಿ, ತೊಮ್ಮಿದಿ, ಪದಿ. ನೂರಕ್ಕೆ ‘ವಂದ’, ಸಾವಿರಕ್ಕೆ ‘ವೆಯ್ಯಿ’ ಎಂಬುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ದುಡ್ಡಿನ ಮಾತು ಅಲ್ಲೇ ತಪ್ಪುವುದು.

ಗೊತ್ತಿದೆ ಎನಿಸಿ ಮೋಸ ಮಾಡುವ ಪದಗಳು

ಹತ್ತಿರದ ಭಾಷೆಯ ಅಪಾಯ ಇಲ್ಲಿದೆ. ಕನ್ನಡದ ಪದದಂತೆಯೇ ಕೇಳಿಸಿ ಬೇರೆ ಅರ್ಥ ಕೊಡುವವು ಬಹಳ.

ತಾಗು: ತೆಲುಗಿನಲ್ಲಿ ಕುಡಿ ಎಂದರ್ಥ. ‘ತಾಗುನೀರು’ ಎಂದು ಬರೆದಿದ್ದರೆ ಕುಡಿಯುವ ನೀರು.
ಕುಡಿ: ಬಲಗಡೆ. ‘ಕುಡಿ ವೈಪು’ ಎಂದರೆ ಬಲಕ್ಕೆ, ‘ಎಡಮ ವೈಪು’ ಎಂದರೆ ಎಡಕ್ಕೆ.
ಅವಸರಂ: ಅಗತ್ಯ. ಆಸ್ಪತ್ರೆಯಲ್ಲಿ ‘ಅತ್ಯವಸರ ವಿಭಾಗಂ’ ಎಂದರೆ ತುರ್ತು ಚಿಕಿತ್ಸಾ ವಿಭಾಗ.
ಪ್ರಭುತ್ವ: ಸರ್ಕಾರ. ‘ಪ್ರಭುತ್ವ ಆಸುಪತ್ರಿ’ ಎಂದರೆ ಸರ್ಕಾರಿ ಆಸ್ಪತ್ರೆ.
ಚಾಲು: ಸಾಕು. ಬಡಿಸುವವರಿಗೆ ಹೇಳುವ ಮಾತು.
ಮಾಟ: ಮಾತು. ಹೆದರಬೇಕಿಲ್ಲ.
ಇಲ್ಲು: ಮನೆ. ‘ಇಲ್ಲ’ ಎನ್ನಲು ‘ಲೇದು’, ‘ಅಲ್ಲ’ ಎನ್ನಲು ‘ಕಾದು’.
ಎದ್ದು: ಎತ್ತು. ಕೋಡಿ: ಕೋಳಿ. ಆವು: ಆಕಳು.
ಆಮೆ: ಅವಳು.
ರಂಡಿ: ಬನ್ನಿ. ನಮ್ಮ ಕಿವಿಗೆ ಬೈಗುಳದಂತೆ ಬಡಿದರೂ ಅಲ್ಲಿ ಅದು ಪೂರ್ತಿ ಮರ್ಯಾದೆಯ ಮಾತು.

ಮಾತು: ಕನ್ನಡದ ಕಟ್ಟಿನ ಮೇಲೆಯೇ

ವಾಕ್ಯದ ಕಟ್ಟು ಬದಲಾಯಿಸಬೇಕಿಲ್ಲ. ‘ನಾನು ನಾಳೆ ಕರ್ನೂಲಿಗೆ ಹೋಗ್ತೀನಿ’ ಎಂಬುದು ‘ನೇನು ರೇಪು ಕರ್ನೂಲುಕು ವೆಳ್ತಾನು’. ಪದಕ್ಕೆ ಪದ ಅದದೇ ಜಾಗದಲ್ಲಿ ನಿಂತಿದೆ. ಪ್ರತ್ಯಯಗಳೂ ಹಾಗೆಯೇ ಹಿಂದೆ ಬರುತ್ತವೆ: ನಮ್ಮ ‘ಗೆ’ಗೆ ‘ಕು’ ಅಥವಾ ‘ಕಿ’, ‘ಇಂದ’ಕ್ಕೆ ‘ನುಂಚಿ’, ‘ಅಲ್ಲಿ’ಗೆ ‘ಲೋ’, ‘ಜೊತೆ’ಗೆ ‘ತೋ’.

ಮೊದಲು ಪ್ರಶ್ನೆಗಳನ್ನು ಕಲಿಯಿರಿ: ಏಮಿಟಿ (ಏನು), ಎಕ್ಕಡ (ಎಲ್ಲಿ), ಎಪ್ಪುಡು (ಯಾವಾಗ), ಎವರು (ಯಾರು), ಎಂತ (ಎಷ್ಟು), ಎಂದುಕು (ಯಾಕೆ). ‘ಹೇಗೆ’ ಎಂಬುದಕ್ಕೆ ಟಿ.ವಿ.ಯಲ್ಲಿ ‘ಎಲಾ’ ಎನ್ನುತ್ತಾರೆ, ಕರ್ನೂಲು, ತೆಲಂಗಾಣದ ಮಾತಿನಲ್ಲಿ ‘ಎಟ್ಲಾ’ ಹೆಚ್ಚು. ಜೊತೆಗೆ ನಾಲ್ಕು ಉತ್ತರ: ಕಾವಾಲಿ (ಬೇಕು), ವದ್ದು (ಬೇಡ), ಉಂದಿ (ಇದೆ), ತೆಲಿಯದು (ಗೊತ್ತಿಲ್ಲ). ಅಂಗಡಿ, ಬಸ್ಸು, ಔಷಧಿ ಕೌಂಟರು ಮೂರನ್ನೂ ಇಷ್ಟರಲ್ಲಿ ದಾಟಬಹುದು.

ಮರ್ಯಾದೆ ವಿಷಯದಲ್ಲಿ ರಾಯಚೂರಿನವರಿಗೆ ಒಂದು ಅನುಕೂಲ. ನಾವು ಬರ್ರಿ, ಕೂಡ್ರಿ, ಹೇಳ್ರಿ ಎಂದು ‘ರಿ’ ಸೇರಿಸುವ ಕಡೆಯಲ್ಲೆಲ್ಲ ತೆಲುಗಿನವರು ‘ಅಂಡಿ’ ಸೇರಿಸುತ್ತಾರೆ: ರಂಡಿ, ಕೂರ್ಚೋಂಡಿ, ಚೆಪ್ಪಂಡಿ, ಇವ್ವಂಡಿ. ಗುರುತಿಲ್ಲದವರ ಜೊತೆ ‘ಅಂಡಿ’ ಬಿಡಬೇಡಿ. ವ್ಯಾಕರಣ ಎಷ್ಟು ತಪ್ಪಿದರೂ ಅದೊಂದಿದ್ದರೆ ಎದುರಿನವರು ತಾಳ್ಮೆಯಿಂದ ಕೇಳುತ್ತಾರೆ.

ಕನ್ನಡಿಗರು ತಪ್ಪುವ ಜಾಗ ಎರಡು. ಒಂದು, ಸ್ತ್ರೀಲಿಂಗ. ಕನ್ನಡದಲ್ಲಿ ಅವನು ಬಂದ, ಅವಳು ಬಂದಳು, ಅದು ಬಂತು ಎಂಬ ಮೂರು ರೂಪವಿದೆ. ತೆಲುಗಿನ ಏಕವಚನದಲ್ಲಿ ಎರಡೇ. ಗಂಡಸಿಗೆ ‘ವಚ್ಚಾಡು’. ಹೆಂಗಸಿಗೂ ವಸ್ತುವಿಗೂ ಒಂದೇ ‘ವಚ್ಚಿಂದಿ’. ಇದು ಅಗೌರವವಲ್ಲ, ಭಾಷೆಯ ನಡೆ. ಹಿರಿಯ ಹೆಂಗಸರಿಗೆ ಗೌರವದಿಂದ ಹೇಳಬೇಕಾದರೆ ಗಂಡಸರಿಗೆ ಹೇಳುವಂತೆಯೇ ‘ವಚ್ಚಾರು’.

ಎರಡು, ‘ನಾವು’. ತೆಲುಗಿನಲ್ಲಿ ಇದಕ್ಕೆ ಎರಡು ಮಾತು. ಕೇಳುವವರನ್ನು ಸೇರಿಸಿಕೊಂಡರೆ ‘ಮನಂ’, ಹೊರಗಿಟ್ಟರೆ ‘ಮೇಮು’. ‘ಮೇಮು ರಾಯಚೂರು ನುಂಚಿ ವಚ್ಚಾಂ’ ಎಂದರೆ ರಾಯಚೂರಿನಿಂದ ಬಂದವರು ನಾವು, ನೀವಲ್ಲ. ‘ಮನಂ ವೆಳ್ದಾಂ’ ಎಂದರೆ ನೀವೂ ನಾವೂ ಕೂಡಿ ಹೋಗೋಣ. ಆಟೋ ಹಂಚಿಕೊಳ್ಳುವಾಗ, ಊಟಕ್ಕೆ ಕರೆಯುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ.

ನಾಲ್ಕು ವಾರದ ಕ್ರಮ

ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನ ತಪ್ಪಿಸಬೇಡಿ.

ಮೊದಲ ವಾರ: ಕಣ್ಣಿಗೆ ನಾಲ್ಕು ಬೋರ್ಡು ಮತ್ತು ಹತ್ತು ರೂಪಾಯಿ ನೋಟು. ಗದ್ವಾಲ, ಎಮ್ಮಿಗನೂರು, ಆದೋನಿ, ಮಂತ್ರಾಲಯಂ ಹೆಸರುಗಳನ್ನೂ ಸೇರಿಸಿ. ಬಾಯಿಗೆ ಪ್ರಶ್ನೆಗಳು ಮತ್ತು ನಾಲ್ಕು ಉತ್ತರ.

ಎರಡನೆಯ ವಾರ: ಕಣ್ಣಿಗೆ ಗೋಡೆ ಬರಹ, ಸಿನಿಮಾ ಪೋಸ್ಟರು, ಅಂಗಡಿ ಹೆಸರು. ಪೋಸ್ಟರಿನ ಅಕ್ಷರ ಚಿತ್ರವಿಚಿತ್ರವಾಗಿ ತಿರುಚಿರುತ್ತದೆ, ಆದರೆ ನಟರ ಹೆಸರು ಗೊತ್ತಿರ್ತದಲ್ಲ, ಹೊಂದಿಸಿಕೊಳ್ಳಬಹುದು. ಬಾಯಿಗೆ ಎಣಿಕೆ, ವಾರದ ಹೆಸರು, ನೇಡು (ಇಂದು), ರೇಪು (ನಾಳೆ), ನಿನ್ನ (ನಿನ್ನೆ).

ಮೂರನೆಯ ವಾರ: ಕಣ್ಣಿಗೆ ದಿನಕ್ಕೆ ಐದು ತಲೆಬರಹ, ಗಟ್ಟಿಯಾಗಿ. ಕಿವಿಗೆ ತೆಲುಗು ವಾರ್ತೆಯ ಮೊದಲ ಐದು ನಿಮಿಷ. ವಾರ್ತೆ ಓದುವವರ ಮಾತಿಗೂ ಪತ್ರಿಕೆಯ ಬರಹಕ್ಕೂ ಅಂತರ ಕಡಿಮೆ, ಆದ್ದರಿಂದ ಓದಿದ ಪದವೇ ಕಿವಿಗೆ ಮತ್ತೆ ಬೀಳುತ್ತದೆ.

ನಾಲ್ಕನೆಯ ವಾರ: ಯಾರನ್ನೂ ಕೇಳದೆ ಒಂದು ಕೆಲಸ ಮುಗಿಸಿ. ಬಸ್ಸಿನ ಬೋರ್ಡು ಓದಿ ಹತ್ತುವುದು, ಆಸ್ಪತ್ರೆಯಲ್ಲಿ ಸರಿಯಾದ ಕೌಂಟರು ಹುಡುಕುವುದು, ರೈತು ಬಜಾರಿನ ದರಪಟ್ಟಿ ಓದಿ ತರಕಾರಿ ಕೊಳ್ಳುವುದು, ಯಾವುದಾದರೂ ಸರಿ.

ಮೊಬೈಲು ಮಾಡಿಕೊಡುವ ಕೆಲಸ

ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ ಅಕ್ಷರಗಳೂ ಕನ್ನಡದ ಅಕ್ಷರಗಳೂ ಒಂದೇ ಕ್ರಮದಲ್ಲಿ ಕೂತಿವೆ. ಕನ್ನಡದ ಕ ಇರುವ ಸ್ಥಾನದಿಂದ ಸರಿಯಾಗಿ 128 ಸ್ಥಾನ ಹಿಂದೆ ತೆಲುಗಿನ ಕ. ಹೀಗಾಗಿ ತೆಲುಗು ಬರಹವನ್ನು ಕನ್ನಡ ಅಕ್ಷರಕ್ಕೆ ತಿರುಗಿಸುವುದು ಯಂತ್ರಕ್ಕೆ ಬಹಳ ಸುಲಭ. ‘ಅಕ್ಷರಮುಖ’ ಎಂಬ ಉಚಿತ ಸಾಧನ ಇದನ್ನೇ ಮಾಡುತ್ತದೆ. ಓದಲು ತೊಡಕಾದ ಸಾಲನ್ನು ಅದಕ್ಕೆ ಹಾಕಿ, ನೀವು ಓದಿದ್ದು ಸರಿಯೇ ಎಂದು ತಾಳೆ ನೋಡಿ. ಗೂಗಲ್ ಲೆನ್ಸ್‌ನಲ್ಲಿ ಬೋರ್ಡಿನ ಫೋಟೊ ಹಿಡಿದರೆ ಅರ್ಥವೂ ಸಿಗುತ್ತದೆ. ಎರಡನ್ನೂ ನೀವು ಓದಿದ ನಂತರವೇ ಬಳಸಿ. ಮೊದಲೇ ಬಳಸಿದರೆ ಕಣ್ಣು ಕಲಿಯುವುದಿಲ್ಲ.

ಬರೆಯಲೇಬೇಕಾದ ಸಣ್ಣ ಸಂದರ್ಭಗಳನ್ನೂ ಮೊಬೈಲು ನಿಭಾಯಿಸುತ್ತದೆ. ಕೀಬೋರ್ಡಿನ ಮೈಕು ಒತ್ತಿ ತೆಲುಗಿನಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಓದಲು ಬರುವುದರಿಂದ ಅದು ತಪ್ಪು ಬರೆದದ್ದು ನಿಮಗೆ ಕಾಣುತ್ತದೆ, ತಿದ್ದಬಹುದು. ಬರೆಯದವರಿಗೆ ಓದು ಬೇಕೇ ಬೇಕು ಎನ್ನುವುದು ಇದಕ್ಕೇ.

ಇದೇ ಕ್ರಮ ಕೊರಿಯನ್ನಿಗೆ ನಡೆಯುತ್ತದೆಯೇ?

ಕೊರಿಯನ್ ಧಾರಾವಾಹಿ ನೋಡಿ ಆ ಭಾಷೆಗೆ ಮನಸೋತ ಹುಡುಗ ಹುಡುಗಿಯರು ನಮ್ಮ ಕಡೆಯೂ ಇದ್ದಾರೆ. ಅವರಿಗೆ ಉತ್ತರ: ನಡೆಯುತ್ತದೆ, ಆದರೆ ಹೊತ್ತು ಹೆಚ್ಚು ಬೇಕು.

ಕೊರಿಯನ್ ಲಿಪಿ ಹಂಗುಲ್ ಅನ್ನು ರಾಜ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ. ಮೂಲ ಅಕ್ಷರ 24: ವ್ಯಂಜನ 14, ಸ್ವರ 10. ಎರಡು ಮೂರು ಅಕ್ಷರ ಸೇರಿ ಒಂದು ಚೌಕದಲ್ಲಿ ಕೂತು ಒಂದು ಉಚ್ಚಾರವಾಗುತ್ತದೆ, ಗುಣಿತ ಮತ್ತು ಒತ್ತು ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ಹೊಸದಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ, ಪ್ರತ್ಯಯ ಪದದ ಹಿಂದೆ, ಹಿರಿಯರಿಗೆ ಬೇರೆ ಕ್ರಿಯಾರೂಪ, ಇವೂ ನಮ್ಮಂತೆಯೇ. 1905ರಲ್ಲಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ವ್ಯಾಕರಣ ಪುಸ್ತಕವನ್ನೇ ಬರೆದ. ಎರಡೂ ಒಂದೇ ಕುಲ ಎಂಬುದು ಸಾಬೀತಾಗಿಲ್ಲ, ಕಟ್ಟಿನ ಹೋಲಿಕೆ ಮಾತ್ರ ಕಲಿಯುವವರ ಕೆಲಸಕ್ಕೆ ಬರುತ್ತದೆ.

ಪರೀಕ್ಷೆಯೂ ಅಡ್ಡಿಯಲ್ಲ. ವಿದೇಶಿಯರಿಗಾಗಿ ಇರುವ ಟೋಪಿಕ್ ಪರೀಕ್ಷೆಯ ಮೊದಲ ಭಾಗದಲ್ಲಿ ಬರವಣಿಗೆಯೇ ಇಲ್ಲ. ಆಲಿಸುವುದು 30 ಪ್ರಶ್ನೆ, ಓದುವುದು 40 ಪ್ರಶ್ನೆ, ಒಟ್ಟು 200 ಅಂಕ. 80 ಬಂದರೆ ಒಂದನೆಯ ಹಂತ, 140 ಬಂದರೆ ಎರಡನೆಯ ಹಂತ. ಬರವಣಿಗೆ ಬರುವುದು ಅದರ ಮೇಲಿನ ಭಾಗದಲ್ಲಿ. ತೆಲುಗಿಗೂ ಕೊರಿಯನ್ನಿಗೂ ದೊಡ್ಡ ವ್ಯತ್ಯಾಸ ಪದಗಳದು. ಇಲ್ಲಿ ಧ್ವನಿ ನಿಯಮದ ಕೀಲಿ ಇಲ್ಲ, ಹೆಚ್ಚುಕಡಿಮೆ ಪ್ರತಿ ಪದವೂ ಹೊಸದು. ಜೊತೆಗೆ ಬರಹದಂತೆ ಉಚ್ಚಾರ ಇರುವುದಿಲ್ಲ: ‘ಹಪ್‌ನಿದ’ ಎಂದು ಬರೆದದ್ದನ್ನು ‘ಹಮ್‌ನಿದ’ ಎಂದು ಓದಬೇಕು. ಆದ್ದರಿಂದ ಕೊರಿಯನ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮೊದಲ ವಾರದಲ್ಲೇ ಬಿಡಿ. ಕಿವಿಯನ್ನೂ ಹಂಗುಲ್ ಅನ್ನೂ ನೇರವಾಗಿ ಜೋಡಿಸಿ.

ಎಲ್ಲಿ ಸಾಲದು

ಬರೆಯದೆ ಕಲಿತ ತೆಲುಗಿಗೆ ಮಿತಿ ಇದೆ, ಅದನ್ನು ತಿಳಿದೇ ಈ ದಾರಿ ಹಿಡಿಯಬೇಕು.

ಕೈಬರಹ ಓದಲು ಕಷ್ಟವಾಗುತ್ತದೆ. ಅಚ್ಚಿನಲ್ಲಿ ಬೇರೆ ಬೇರೆ ನಿಲ್ಲುವ ಗೆರೆಗಳು ಕೈಬರಹದಲ್ಲಿ ಕೂಡಿಕೊಳ್ಳುತ್ತವೆ. ಪೆನ್ನು ಯಾವ ದಿಕ್ಕಿನಿಂದ ಬಂತು ಎಂಬುದು ಬರೆಯುವವರಿಗೆ ತಿಳಿಯುತ್ತದೆ, ಬರೀ ಓದುವವರಿಗೆ ತಿಳಿಯುವುದಿಲ್ಲ. ದಲ್ಲಾಳಿಯ ಚೀಟಿ, ಅಂಗಡಿಯ ಉದ್ರಿ ಲೆಕ್ಕ ಕೈಗೆ ಬಂದರೆ ಬರೆದವರಿಂದಲೇ ಓದಿಸಿಕೊಳ್ಳಿ.

ಕಾಗದಪತ್ರದಲ್ಲಿ ಧೈರ್ಯ ಮಾಡಬೇಡಿ. ಹೊಲ, ಸಾಲ, ಶಸ್ತ್ರಚಿಕಿತ್ಸೆಯ ಒಪ್ಪಿಗೆಯ ಕಾಗದವನ್ನು ಉಚ್ಚರಿಸಲು ಬಂತು ಎಂದು ಸಹಿ ಹಾಕಬಾರದು. ಇಲ್ಲಿ ‘ಅವಸರಂ’ನಂಥ ಒಂದು ಪದವನ್ನು ಕನ್ನಡದ ಅರ್ಥದಲ್ಲಿ ಓದಿದರೆ ದುಡ್ಡು ಹೋಗುತ್ತದೆ. ಎರಡೂ ಭಾಷೆ ಚೆನ್ನಾಗಿ ಬಲ್ಲವರು ಪಕ್ಕದಲ್ಲಿರಲಿ.

ಮಕ್ಕಳನ್ನು ಆ ಕಡೆಯ ಶಾಲೆಗೆ ಸೇರಿಸುವವರು, ಆಂಧ್ರ ಅಥವಾ ತೆಲಂಗಾಣದ ಕಚೇರಿಗೆ ತೆಲುಗಿನಲ್ಲಿ ಅರ್ಜಿ ಬರೆಯಬೇಕಾದವರು ಬರವಣಿಗೆ ಕಲಿಯಲೇಬೇಕು. ಓದು ಗಟ್ಟಿಯಾದ ಮೇಲೆ ಕೂತರೆ ಅದು ಹಗುರ. ಹೆಚ್ಚಿನ ಅಕ್ಷರಗಳ ತಿರುವು ಕನ್ನಡದ ಕೈಗೆ ಮೊದಲೇ ಗೊತ್ತು. ಆಗ ಕಾಪಿ ಪುಸ್ತಕದ ಮೊದಲ ಪುಟಕ್ಕೆ ಕ, ತ, ಶ, ಹ ಸಾಕು, ಉಳಿದದ್ದಕ್ಕೆ ತಲೆಕಟ್ಟು ತಿರುಗಿಸಿದರಾಯಿತು.